ಮಗುವಿನ ಕಷ್ಟ ಅಳೆಯುವವರೇ, ಅಪ್ಪ ಅಮ್ಮನನ್ನೂ ಸ್ವಲ್ಪ ವಿಚಾರಿಸಿ

ಚಿಕ್ಕ ಮಕ್ಕಳ ಮನಸ್ಸಿನ ಬಗ್ಗೆ ಸಂಶೋಧನೆ ಮಾಡುವವರಿಗೆ, ಅದಕ್ಕೆ ಹಣ ಕೊಡುವವರಿಗೆ, ಅದನ್ನು ಓದಿ ಯೋಜನೆ ಮಾಡುವ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಸಂಶೋಧಕಿ ಅಲ್ಲ. ಇನ್ನೂ ಶಾಲೆಗೆ ಸೇರದ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಬೆಳಿಗ್ಗೆ ಮಗುವನ್ನು ಬಿಡಲು ಬಂದಾಗ, ಸಂಜೆ ಕರೆದುಕೊಂಡು ಹೋಗಲು ಬಂದಾಗ ಬಾಗಿಲ ಹತ್ತಿರ ನಿಂತು ಅಪ್ಪ ಅಮ್ಮಂದಿರು ಆಡುವ ನಾಲ್ಕು ಮಾತು ಕೇಳುವುದೂ ಈ ಕೆಲಸದಲ್ಲೇ ಸೇರಿದೆ. ಕೆಲಸ ಕಳೆದುಕೊಂಡವರು, ಮನೆಯಲ್ಲಿ ವಾಸಿಯಾಗದ ಕಾಯಿಲೆ ಇರುವವರು, ಹೊಡೆತ ತಿಂದು ಬಂದವರು, ಹೆರಿಗೆ ಆದಮೇಲೆ ಮಂಕಾಗಿಬಿಟ್ಟವರು, ಎಲ್ಲರೂ ಆ ಬಾಗಿಲಲ್ಲೇ ನಿಂತು ಮಾತಾಡಿದ್ದಾರೆ. ನಿಮ್ಮ ಸಂಶೋಧನೆಗಳನ್ನು ಕೈಗೆ ಸಿಕ್ಕಷ್ಟು ಓದುತ್ತೇನೆ. ಅದರಿಂದ ಕಲಿತದ್ದು ಬಹಳ ಇದೆ. ಹಾಗಾಗಿ ಇದು ಜಗಳದ ಪತ್ರ ಅಲ್ಲ.

ಕೇಳುವುದು ಒಂದೇ ವಿಷಯ. ಕಷ್ಟಕ್ಕೆ ಸಿಕ್ಕ ಪುಟ್ಟ ಮಗುವಿಗೆ ಅದರ ಜೊತೆಗಿರುವ ದೊಡ್ಡವರೇ ಆಸರೆ ಅಂತ ನೀವೇ ಎಂಬತ್ತು ವರ್ಷದಿಂದ ಹೇಳುತ್ತಾ ಬಂದಿದ್ದೀರಿ. ಹಾಗಿದ್ದ ಮೇಲೆ ಆ ದೊಡ್ಡವರು ಹೇಗಿದ್ದಾರೆ, ಅವರ ಹೆಗಲ ಮೇಲಿನ ಭಾರವನ್ನು ಯಾರು ಇಳಿಸಬೇಕು ಅನ್ನುವುದು ನಿಮ್ಮ ಕೆಲಸದ ಮೊದಲ ಪ್ರಶ್ನೆ ಆಗಬೇಕಿತ್ತು ಅಲ್ವಾ? ನಾನು ನೋಡಿದ ಮಟ್ಟಿಗೆ ಆಗಿಲ್ಲ. ಸಂಶೋಧನೆ ಅಪ್ಪ ಅಮ್ಮನ ಕಿವಿಗೆ ಬಂದು ಬೀಳುವ ಹೊತ್ತಿಗೆ 'ತಪ್ಪು ನಿಮ್ಮದೇ' ಅನ್ನುವ ಮಾತಾಗಿಬಿಟ್ಟಿರುತ್ತದೆ.

ಎಂಬತ್ತು ವರ್ಷ ಅಂತ ಸುಮ್ನೆ ಹೇಳಿದ್ದಲ್ಲ. ಎರಡನೇ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಾಂಬ್ ಬೀಳುತ್ತಿದ್ದಾಗ ಮಕ್ಕಳ ಮನಸ್ಸಿನ ತಜ್ಞೆಯರಾದ ಆನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್ ಅಲ್ಲಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಮಕ್ಕಳಿಗಾಗಿ ನರ್ಸರಿಗಳನ್ನು ನಡೆಸುತ್ತಿದ್ದರು. ಮಕ್ಕಳನ್ನು ನೋಡಿ ನೋಡಿ ಬರೆದಿಟ್ಟರು. ದಾಳಿ ನಡೆದಾಗ ಅಮ್ಮನ ಪಕ್ಕದಲ್ಲೇ ಇದ್ದ ಮಕ್ಕಳು, ಅದರಲ್ಲೂ ಅಮ್ಮ ಗಾಬರಿಯಾಗದೆ ಗಟ್ಟಿಯಾಗಿದ್ದರೆ, ಅಷ್ಟೇನೂ ಕುಗ್ಗುತ್ತಿರಲಿಲ್ಲ. ಸುರಕ್ಷಿತವಾಗಿರಲಿ ಅಂತ ಮನೆಯವರಿಂದ ಬಿಡಿಸಿ ದೂರ ಕಳಿಸಿದ ಮಕ್ಕಳು ಅದಕ್ಕಿಂತ ಜಾಸ್ತಿ ನರಳಿದರು. ಬಾಂಬಿಗಿಂತ ಅಗಲಿಕೆಯೇ ದೊಡ್ಡ ಪೆಟ್ಟಾಯಿತು.

ಆಮೇಲೆ ಬಂದದ್ದು ಹವಾಯಿಯ ಕವಾಯ್ ದ್ವೀಪದ ಅಧ್ಯಯನ. ಎಮಿ ವರ್ನರ್ ಮತ್ತು ರೂತ್ ಸ್ಮಿತ್ 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ಹುಟ್ಟಿನಿಂದ ಹಿಡಿದು ನಲವತ್ತನೇ ವಯಸ್ಸಿನವರೆಗೂ ಬೆನ್ನು ಹತ್ತಿ ನೋಡಿದರು. ಬಡತನ, ಹೆರಿಗೆಯ ತೊಂದರೆ, ಮನೆಯಲ್ಲಿ ಕುಡಿತ ಮತ್ತು ಜಗಳ, ಅಪ್ಪನಿಗೋ ಅಮ್ಮನಿಗೋ ಮಾನಸಿಕ ಕಾಯಿಲೆ, ಹೀಗೆ ಒಂದರ ಮೇಲೊಂದು ಕಷ್ಟ ಹೇರಿಕೊಂಡು ಬೆಳೆದ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗ ಚೆನ್ನಾಗೇ ಬೆಳೆದರು. ಅವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡದ್ದು ಬಿಟ್ಟು ಹೋಗದ ಒಬ್ಬರಾದರೂ ದೊಡ್ಡವರು. ಅಮ್ಮ ಆಗಬಹುದು, ಅಜ್ಜಿ ಆಗಬಹುದು, ಟೀಚರ್ ಆಗಬಹುದು, ಪಕ್ಕದ ಮನೆಯವರೂ ಆಗಬಹುದು. ಇದನ್ನು ಎಲ್ಲರೂ ಹೇಳುತ್ತಾರೆ. ಅದೇ ಅಧ್ಯಯನದ ಇನ್ನೊಂದು ಮಾತು ಜನಕ್ಕೆ ತಲುಪಿದ್ದೇ ಕಮ್ಮಿ. ಹದಿಹರೆಯದಲ್ಲಿ ದಾರಿ ತಪ್ಪಿದ್ದವರಲ್ಲೂ ಬಹಳ ಜನ ಮೂವತ್ತು ನಲವತ್ತರ ಹೊತ್ತಿಗೆ ಬದುಕನ್ನು ಸರಿಮಾಡಿಕೊಂಡಿದ್ದರು. ಓದು ಮುಂದುವರಿಸಿದ್ದು, ಒಳ್ಳೆಯ ಸಂಗಾತಿ ಸಿಕ್ಕಿದ್ದು, ಇಂಥವೇ ಅವರಿಗೆ ತಿರುವು ಕೊಟ್ಟವು. ಮೊದಲ ಮೂರು ವರ್ಷ ಕಳೆದರೆ ಎಲ್ಲಾ ಕಳೆಯಿತು ಅಂತ ತಾಯಂದಿರನ್ನು ಹೆದರಿಸುವವರು ದಯವಿಟ್ಟು ಇದನ್ನೂ ಓದಿ.

ಹಾಗಂತ ಮೊದಲ ವರ್ಷಗಳು ಲೆಕ್ಕಕ್ಕಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ರೊಮೇನಿಯಾದಲ್ಲಿ 1989ರಲ್ಲಿ ಸರ್ವಾಧಿಕಾರಿ ಚೌಷೆಸ್ಕು ಆಡಳಿತ ಬಿದ್ದಾಗ ಅನಾಥಾಲಯಗಳ ಒಳಗಿನ ಸ್ಥಿತಿ ಹೊರಗೆ ಬಂತು. ಮುಂದೆ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಅವರ ತಂಡ ಬುಕಾರೆಸ್ಟ್‌ನಲ್ಲಿ ಅಂಥ 136 ಮಕ್ಕಳ ಅಧ್ಯಯನ ಶುರುಮಾಡಿತು. ಅರ್ಧದಷ್ಟು ಮಕ್ಕಳನ್ನು ಸಾಕು ಕುಟುಂಬಗಳಿಗೆ ಕೊಟ್ಟರು, ಉಳಿದವರು ಮೊದಲಿದ್ದ ಹಾಗೇ ಇದ್ದರು. ಯಾರು ಎಲ್ಲಿಗೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದರು. ಸಾಕು ಮನೆಗೆ ಹೋದ ಮಕ್ಕಳು, ಅದರಲ್ಲೂ ಎರಡು ವರ್ಷ ತುಂಬುವ ಮುಂಚೆ ಹೋದವರು, ಜನರನ್ನು ಹಚ್ಚಿಕೊಳ್ಳುವುದರಲ್ಲಿ, ಬುದ್ಧಿಯ ಬೆಳವಣಿಗೆಯಲ್ಲಿ ಮುಂದೆ ಬಂದರು. ಊಟ, ಹಾಸಿಗೆ, ಸೂರು ಎರಡೂ ಕಡೆ ಇತ್ತು. ಒಂದು ಕಡೆ ಪಾಳಿ ಮುಗಿದರೆ ಬದಲಾಗುವ ಆಯಾಗಳು, ಇನ್ನೊಂದು ಕಡೆ ದಿನಾ ಅದೇ ಮುಖ. (ಅನಾಥಾಲಯದಲ್ಲೇ ಉಳಿದ ಮಕ್ಕಳನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಕಿವುಚಿದ ಹಾಗಾಗುತ್ತದೆ. ಆಮೇಲೆ ಅವರಿಗೂ ಮನೆ ಸಿಕ್ಕರೆ ತಡೆಯುವುದಿಲ್ಲ ಅಂತ ಸಂಶೋಧಕರು ಮೊದಲೇ ಒಪ್ಪಿಕೊಂಡಿದ್ದರು ಅನ್ನುವುದನ್ನೂ ಹೇಳಲೇಬೇಕು.)

ಇಷ್ಟೆಲ್ಲಾ ಗೊತ್ತಾದ ಮೇಲೂ ಒಂದು ವಿಷಯ ನನ್ನನ್ನು ಕಾಡುತ್ತದೆ. 'ದೊಡ್ಡವರೇ ಆಸರೆ' ಅನ್ನುವ ಮಾತು ಅಪ್ಪ ಅಮ್ಮನ ಕೈಗೆ ಯಾವ ರೂಪದಲ್ಲಿ ಹೋಗುತ್ತಿದೆ?

ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ ಅವರ ಪ್ರಯೋಗವನ್ನೇ ತೆಗೆದುಕೊಳ್ಳಿ. 1978ರಲ್ಲಿ ಪ್ರಕಟವಾದದ್ದು. ವಿಡಿಯೊ ಇವತ್ತಿಗೂ ಫೋನಿಂದ ಫೋನಿಗೆ ಓಡಾಡುತ್ತಿದೆ. ಅಮ್ಮ ಮತ್ತು ಕೂಸು ಎದುರುಬದುರು ಕೂತಿದ್ದಾರೆ. ಮೊದಲು ಮಾಮೂಲಿ ಆಟ, ನಗು, ಮಾತು. ಆಮೇಲೆ ಅಮ್ಮ ಒಂದು ಸಲ ಆಚೆ ತಿರುಗಿ ಮತ್ತೆ ಈಚೆ ತಿರುಗುತ್ತಾಳೆ. ಮುಖದಲ್ಲಿ ಏನೂ ಇಲ್ಲ. ನಗು ಇಲ್ಲ, ಕೋಪ ಇಲ್ಲ, ಮಾತಿಲ್ಲ. ಕೂಸು ಮೊದಲು ನಗುತ್ತದೆ, ಇಷ್ಟು ಹೊತ್ತು ಕೆಲಸ ಮಾಡಿದ ನಗು ಅದು. ಅಮ್ಮ ಅಲ್ಲಾಡುವುದಿಲ್ಲ. ಕೂಸು ಮುಂದಕ್ಕೆ ಬಾಗುತ್ತದೆ, ಕೈ ಚಾಚುತ್ತದೆ, ಸದ್ದು ಮಾಡುತ್ತದೆ. ಆಮೇಲೆ ಮುಖ ಆಚೆ ತಿರುಗಿಸಿ, ಮತ್ತೆ ಕಳ್ಳನೋಟದಲ್ಲಿ ಒಂದು ಸಲ ಅಮ್ಮನನ್ನು ನೋಡಿ, ಮತ್ತೆ ತಿರುಗಿಸುತ್ತದೆ. ಕೊನೆಗೆ ಮೈ ಕುಸಿದು ಅಳು. ನೋಡಲು ಆಗುವುದಿಲ್ಲ. ಅಷ್ಟರಲ್ಲಿ ಅಮ್ಮ ವಾಪಸ್ ಬರುತ್ತಾಳೆ, 'ಬಂದೆ ಬಂದೆ' ಅನ್ನುತ್ತಾಳೆ. ಕೂಸು ಸ್ವಲ್ಪ ಮುನಿಸಿಕೊಂಡು, ಆಮೇಲೆ ಸಮಾಧಾನ ಆಗುತ್ತದೆ.

ಈ ವಿಡಿಯೊ ನೋಡಿದ ಒಬ್ಬ ತಾಯಿ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದರು: ನನಗೆ ಹುಷಾರಿಲ್ಲದಾಗ ತಿಂಗಳುಗಟ್ಟಲೆ ನನ್ನ ಮುಖ ಹಾಗೇ ಇತ್ತಲ್ಲ ಮೇಡಂ, ನನ್ನ ಮಗು ಹಾಳಾಯಿತಾ? ಅವರಿಗೆ ಯಾರೋ ಕಳಿಸಿದ್ದು ನಡುವಿನ ಆ ಎರಡು ನಿಮಿಷದ ತುಣುಕು ಮಾತ್ರ. ಅಮ್ಮ ವಾಪಸ್ ಬಂದದ್ದು ಅದರಲ್ಲಿ ಇರಲಿಲ್ಲ. ಟ್ರಾನಿಕ್ ಅವರ ಮುಂದಿನ ಕೆಲಸದ ಸುದ್ದಿಯಂತೂ ಇಲ್ಲವೇ ಇಲ್ಲ. ಆರೋಗ್ಯವಾಗಿರುವ, ಪ್ರೀತಿಯಿಂದ ಇರುವ ತಾಯಿ ಮಕ್ಕಳ ಆಟದಲ್ಲೂ ಇಬ್ಬರೂ ತಾಳಕ್ಕೆ ತಾಳ ಸೇರುವುದು ಸುಮಾರು 30 ಶೇಕಡ ಹೊತ್ತು ಮಾತ್ರ ಅಂತ ಅವರು ತೋರಿಸಿದ್ದರು. ಉಳಿದ ಹೊತ್ತೆಲ್ಲಾ ತಪ್ಪುವುದು, ಮತ್ತೆ ಸರಿಹೋಗುವುದು. ತಪ್ಪಿದ್ದು ಮತ್ತೆ ಸರಿಹೋಗುತ್ತದೆ ಅನ್ನುವ ಅನುಭವವೇ ಮಗುವಿಗೆ ಧೈರ್ಯ ಕೊಡುತ್ತದೆ. ಇದನ್ನು ಆ ತಾಯಿಗೆ ಹೇಳಿದೆ. ಅವರು ಅತ್ತುಬಿಟ್ಟರು. ಇದನ್ನು ಹೇಳಲು ಅಷ್ಟು ದಿನ ಯಾರೂ ಇರಲಿಲ್ಲ. ಅರ್ಧ ಹೇಳಿದ ಸಂಶೋಧನೆ ಗಾಯದ ಮೇಲೆ ಬರೆ ಎಳೆಯುತ್ತದೆ ಅನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ಆ ತಾಯಿಯ ಮುಖ ತಿಂಗಳುಗಟ್ಟಲೆ ಹಾಗಿದ್ದದ್ದು ಅವರ ಇಷ್ಟದಿಂದ ಅಲ್ಲ. ಅದು ಖಿನ್ನತೆ, ಅದಕ್ಕೆ ಚಿಕಿತ್ಸೆ ಇದೆ. ದೊಡ್ಡ ಆಸ್ಪತ್ರೆ, ದೊಡ್ಡ ಡಾಕ್ಟರೇ ಬೇಕು ಅಂತಲೂ ಇಲ್ಲ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಆತಿಫ್ ರೆಹಮಾನ್ ಅವರ ತಂಡ ಮನೆ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರಿಗೇ ತರಬೇತಿ ಕೊಟ್ಟಿತು. ಖಿನ್ನತೆ ಇದ್ದ 903 ಗರ್ಭಿಣಿಯರು ಆ ಅಧ್ಯಯನದಲ್ಲಿದ್ದರು. ಕಾರ್ಯಕರ್ತೆಯರು ಹೆರಿಗೆಗೆ ಮುಂಚೆಯೂ ಆಮೇಲೂ ಮನೆಗೆ ಹೋಗಿ ಕೂತು ಮಾತಾಡಿದರು, ತಲೆಯಲ್ಲಿ ಓಡುವ ಕೆಟ್ಟ ಯೋಚನೆಗಳನ್ನು ಹಿಡಿದು ಬೇರೆ ಥರ ನೋಡುವುದನ್ನು ಹೇಳಿಕೊಟ್ಟರು. ಮಗುವಿಗೆ ಆರು ತಿಂಗಳಾಗುವ ಹೊತ್ತಿಗೆ ಹೀಗೆ ನೆರವು ಸಿಕ್ಕ ತಾಯಂದಿರಲ್ಲಿ 23 ಶೇಕಡ ಜನರಲ್ಲಿ ಮಾತ್ರ ಖಿನ್ನತೆ ಉಳಿದಿತ್ತು. ಅಷ್ಟೇ ಸಲ ಮನೆ ಭೇಟಿ ಆಗಿ, ಆದರೆ ಈ ತರಬೇತಿಯ ಮಾತುಕತೆ ಇಲ್ಲದ ಕಡೆ 53 ಶೇಕಡ. 2008ರಲ್ಲಿ ಪ್ರಕಟವಾದ ಫಲಿತಾಂಶ ಇದು. ಇಂಥದ್ದು ಸಾಧ್ಯ ಅಂತ ಅಷ್ಟು ಹಿಂದೆಯೇ ಗೊತ್ತಾಗಿದೆ, ಇನ್ನೂ ಎಷ್ಟು ತಾಯಂದಿರು ಯಾರ ಕಣ್ಣಿಗೂ ಬೀಳದೆ ಹೋಗುತ್ತಿದ್ದಾರೆ!

ಈಗ ಇನ್ನೂ ಹಿಂದಕ್ಕೆ ಹೋಗೋಣ. ಆ ಅಮ್ಮನ ಮುಖ ಯಾಕೆ ಹಾಗಾಯಿತು, ಆ ಅಪ್ಪ ಯಾಕೆ ಸಣ್ಣ ಸಣ್ಣದಕ್ಕೂ ಮಗುವಿನ ಮೇಲೆ ಕಿರುಚುತ್ತಾನೆ? ಇದಕ್ಕೂ ನಿಮ್ಮಲ್ಲೇ ಉತ್ತರ ಇದೆ. ಅಮೆರಿಕದ 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಬೆಳೆದ ಮಕ್ಕಳನ್ನು ಗ್ಲೆನ್ ಎಲ್ಡರ್ ಅಧ್ಯಯನ ಮಾಡಿದರು. 1980ರ ದಶಕದಲ್ಲಿ ಅಯೋವಾದ ರೈತರು ಸಾಲದಲ್ಲಿ ಮುಳುಗಿ ಜಮೀನು ಕಳೆದುಕೊಂಡಾಗ ರ‍್ಯಾಂಡ್ ಕಾಂಗರ್ ಅವರ ತಂಡ ಅಲ್ಲಿನ ಕುಟುಂಬಗಳ ಜೊತೆ ಕೂತಿತು. ಇಬ್ಬರಿಗೂ ಕಂಡ ದಾರಿ ಒಂದೇ. ಹಣದ ಒತ್ತಡ ಮೊದಲು ದೊಡ್ಡವರ ಮನಸ್ಸನ್ನು ಹಿಡಿಯುತ್ತದೆ, ಗಂಡ ಹೆಂಡತಿ ನಡುವೆ ಕಿರಿಕಿರಿ ಶುರುವಾಗುತ್ತದೆ, ಕೊನೆಗೆ ಅದು ಮಕ್ಕಳ ಮೇಲಿನ ಸಿಡುಕಾಗಿ ಇಳಿಯುತ್ತದೆ. ಕೋವಿಡ್ ಕಾಲದಲ್ಲಿ, 2020ರ ಏಪ್ರಿಲ್‌ನಿಂದ, ಫಿಲ್ ಫಿಶರ್ ಅವರ ತಂಡ ಪುಟ್ಟ ಮಕ್ಕಳಿರುವ ಮನೆಗಳನ್ನು ಮತ್ತೆ ಮತ್ತೆ ಕೇಳಿ ನೋಡಿದಾಗಲೂ ಇದೇ ಸರಪಳಿ. ಊಟ, ಬಾಡಿಗೆಗೆ ತಾಪತ್ರಯ ಬಂದರೆ ಮೊದಲು ಅಪ್ಪ ಅಮ್ಮ ಕಂಗೆಡುತ್ತಾರೆ, ಅವರು ಕಂಗೆಟ್ಟ ಮೇಲೆ ಮಕ್ಕಳು.

ಸರಪಳಿಯಲ್ಲಿ ಇಷ್ಟು ಕೊಂಡಿ ಇವೆ. ನಾವು ಹಿಡಿದುಕೊಳ್ಳುವುದು ಯಾವುದನ್ನು? ಕೊನೆಯದನ್ನು. ಅಪ್ಪ ಅಮ್ಮನಿಗೆ ಮಗು ಸಾಕುವ ತರಬೇತಿ ಕೊಡುತ್ತೇವೆ, ಸಿಟ್ಟು ಬಂದಾಗ ಹತ್ತರವರೆಗೆ ಎಣಿಸಿ ಅನ್ನುತ್ತೇವೆ. ತರಬೇತಿ ಬೇಡ ಅನ್ನುತ್ತಿಲ್ಲ, ಅದರಿಂದ ಉಪಕಾರ ಆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಎರಡೆರಡು ಕಡೆ ದುಡಿದು, ಬಾಡಿಗೆ ಕಟ್ಟಲಾಗದೆ, ರಾತ್ರಿ ನಿದ್ದೆ ಇಲ್ಲದ ಒಬ್ಬ ಅಪ್ಪನಿಗೆ ಶನಿವಾರ ಮಧ್ಯಾಹ್ನ ಎರಡು ಗಂಟೆ ತರಬೇತಿಗೆ ಬನ್ನಿ ಅಂತ ಚೀಟಿ ಕೊಡುವಾಗ ನನಗೆ ನಾಚಿಕೆ ಆಗುತ್ತದೆ.

ಮೊದಲ ಕೊಂಡಿಯನ್ನು ಹಿಡಿದರೆ ಏನಾಗುತ್ತದೆ ಅನ್ನುವುದಕ್ಕೂ ಒಂದು ಅಪರೂಪದ ಉದಾಹರಣೆ ಇದೆ. ಅಮೆರಿಕದ ನಾರ್ತ್ ಕೆರೊಲಿನಾದ ಬೆಟ್ಟದ ಸೀಮೆಯಲ್ಲಿ ಜೇನ್ ಕಾಸ್ಟೆಲೊ ಅವರ ತಂಡ 1993ರಿಂದ 1,420 ಮಕ್ಕಳ ಮಾನಸಿಕ ಆರೋಗ್ಯ ಗಮನಿಸುತ್ತಿತ್ತು. ಅವರಲ್ಲಿ ಸುಮಾರು ಕಾಲು ಭಾಗ ಮೂಲನಿವಾಸಿ ಮಕ್ಕಳು. ಅಧ್ಯಯನದ ನಡುವೆ ಚೆರೋಕಿ ಅನ್ನುವ ಆ ಮೂಲನಿವಾಸಿ ಸಮುದಾಯದ ಜಾಗದಲ್ಲಿ ಕ್ಯಾಸಿನೊ, ಅಂದರೆ ಜೂಜಿನ ಕೇಂದ್ರ, ಬಂತು, ಅದರ ಲಾಭದಲ್ಲಿ ಒಂದು ಪಾಲು ಸಮುದಾಯದ ಪ್ರತಿಯೊಬ್ಬರಿಗೂ ಸಿಗತೊಡಗಿತು. ಯಾರೂ ಯೋಜನೆ ಮಾಡಿದ್ದಲ್ಲ, ತಾನಾಗಿ ಆದ ಪ್ರಯೋಗ. ಬಡತನದಿಂದ ಮೇಲೆ ಬಂದ ಮನೆಗಳ ಮಕ್ಕಳಲ್ಲಿ ಹಠ, ಜಗಳ, ಹೇಳಿದ ಮಾತು ಕೇಳದಿರುವಂಥ ತೊಂದರೆಗಳು ಇಳಿದು, ಮೊದಲಿಂದಲೂ ಬಡವರಲ್ಲದ ಮಕ್ಕಳ ಮಟ್ಟಕ್ಕೆ ಬಂದವು. ಆತಂಕ, ಖಿನ್ನತೆಯಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ನಡುವೆ ಏನಾಯಿತು ಅಂತ ನೋಡಿದರೆ, ಅಪ್ಪ ಅಮ್ಮನಿಗೆ ಮಕ್ಕಳ ಕಡೆ ಗಮನ ಕೊಡಲು ಪುರುಸೊತ್ತು ಸಿಕ್ಕಿತ್ತು. ಅಪ್ಪ ಅಮ್ಮ ಅವರೇ. ಯಾರೂ ಅವರಿಗೆ ಒಳ್ಳೆಯ ಅಪ್ಪ ಅಮ್ಮ ಆಗುವುದು ಹೇಗೆ ಅಂತ ಪಾಠ ಮಾಡಿರಲಿಲ್ಲ. ಆ ಮಕ್ಕಳು ಅಧ್ಯಯನ ಶುರುವಾದಾಗ 9ರಿಂದ 13 ವರ್ಷದವರು, ನಾನು ನೋಡಿಕೊಳ್ಳುವಷ್ಟು ಚಿಕ್ಕವರಲ್ಲ, ನಿಜ.

ಹಣ ಒಂದೇ ಎಲ್ಲಾ ಮಾಡುತ್ತದೆ ಅಂತ ವಾದ ಮಾಡಲು ನಾನು ಬಂದಿಲ್ಲ. ಅಮೆರಿಕದಲ್ಲೇ 2018ರಲ್ಲಿ 1,000 ಬಡ ತಾಯಂದಿರನ್ನು ಸೇರಿಸಿಕೊಂಡು ಒಂದು ದೊಡ್ಡ ಪ್ರಯೋಗ ಶುರುವಾಯಿತು. ಮಗು ಹುಟ್ಟಿದಾಗಿನಿಂದ ಕೆಲವರಿಗೆ ತಿಂಗಳಿಗೆ 333 ಡಾಲರ್, ಉಳಿದವರಿಗೆ 20 ಡಾಲರ್. ಮಕ್ಕಳಿಗೆ ನಾಲ್ಕು ವರ್ಷ ಆದಾಗ ನೋಡಿದರೆ ಭಾಷೆಯಲ್ಲಿ, ನಡವಳಿಕೆಯಲ್ಲಿ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇದನ್ನು ಮುಚ್ಚಿಡದೆ ಪ್ರಕಟಿಸಿದ್ದಾರೆ, ಅದಕ್ಕೆ ನನ್ನ ಗೌರವ ಇದೆ. ನನಗೆ ಇದರಿಂದ ಅನ್ನಿಸುವುದು, ಭಾರ ಇಳಿಸುವುದು ಅಂದರೆ ಹಣ ಮಾತ್ರ ಅಲ್ಲ, ಜೊತೆಗೆ ಜನ ಬೇಕು. ಜಮೈಕಾದಲ್ಲಿ ಆದದ್ದು ನೋಡಿ. ಕಿಂಗ್‌ಸ್ಟನ್‌ನ ಬಡ ಬಡಾವಣೆಗಳಲ್ಲಿ ಸ್ಯಾಲಿ ಗ್ರಾಂಥಮ್ ಮೆಕ್‌ಗ್ರೆಗರ್ ಅವರ ತಂಡ 1986ರಲ್ಲಿ ಶುರುಮಾಡಿದ ಕೆಲಸ ಅದು. ಬೆಳವಣಿಗೆ ಕುಂಠಿತವಾಗಿದ್ದ, 9ರಿಂದ 24 ತಿಂಗಳ 129 ಮಕ್ಕಳು. ಅವರಲ್ಲಿ ಕೆಲವರ ಮನೆಗೆ ಆರೋಗ್ಯ ಸಹಾಯಕಿ ವಾರಕ್ಕೊಂದು ಗಂಟೆ, ಎರಡು ವರ್ಷ ಹೋದಳು. ಮನೆಯಲ್ಲೇ ಸಿಗುವ ಸಾಮಾನಿನಿಂದ ಮಾಡಿದ ಆಟಿಕೆ ಹಿಡಿದು, ಅಮ್ಮನನ್ನೂ ಕೂರಿಸಿಕೊಂಡು ಮಗುವಿನ ಜೊತೆ ಆಡಿದಳು. ಇಪ್ಪತ್ತು ವರ್ಷ ಆದಮೇಲೆ ಆ ಮಕ್ಕಳ ಸಂಪಾದನೆ ಭೇಟಿ ಸಿಗದವರಿಗಿಂತ ಸುಮಾರು 25 ಶೇಕಡ ಜಾಸ್ತಿ ಇತ್ತು. ವಾರಕ್ಕೆ ಒಂದು ಗಂಟೆ! ಆ ಒಂದು ಗಂಟೆಯಲ್ಲಿ ಆಟಿಕೆ ಎಷ್ಟು ಕೆಲಸ ಮಾಡಿತೋ, ತನ್ನ ಮನೆಗೆ ಒಬ್ಬರು ತಪ್ಪದೆ ಬರುತ್ತಾರೆ ಅನ್ನುವುದು ಆ ಅಮ್ಮನಿಗೆ ಅಷ್ಟೇ ಕೆಲಸ ಮಾಡಿರುತ್ತದೆ ಅಂತ ನನ್ನ ಅಂದಾಜು.

ಮಗುವಿನ ಕಷ್ಟಗಳನ್ನು ಎಣಿಸಿ ಅಂಕ ಹಾಕುವ ವಿಷಯಕ್ಕೆ ಬರುತ್ತೇನೆ. ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ 1998ರಲ್ಲಿ ಪ್ರಕಟಿಸಿದ ಸಂಶೋಧನೆ ನಿಮಗೆಲ್ಲಾ ಗೊತ್ತು. ಬಾಲ್ಯದಲ್ಲಿ ಹೊಡೆತ, ಅವಮಾನ, ಮನೆಯಲ್ಲಿ ಕುಡಿತ, ಜೈಲಿಗೆ ಹೋದವರು, ಹೀಗೆ ಕಷ್ಟಗಳನ್ನು ಎಣಿಸಿ, ಎಣಿಕೆ ಏರಿದಷ್ಟೂ ದೊಡ್ಡವರಾದ ಮೇಲೆ ಕಾಯಿಲೆಗಳು ಜಾಸ್ತಿ ಅಂತ ತೋರಿಸಿದರು. ಮುಂದೆ ಅದು 17,000ಕ್ಕೂ ಹೆಚ್ಚು ಜನರ ಅಧ್ಯಯನವಾಯಿತು. ಅದರ ಉಪಕಾರ ಸಣ್ಣದಲ್ಲ, ಬಾಲ್ಯದ ನೋವು ಮೈಗೂ ಹತ್ತುತ್ತದೆ ಅಂತ ಡಾಕ್ಟರುಗಳು ನಂಬಿದ್ದೇ ಅದರಿಂದ. ಆದರೆ ಅದು ದೊಡ್ಡ ಗುಂಪಿನ ಲೆಕ್ಕ. ಒಂದು ಮಗುವಿನ ಭವಿಷ್ಯ ಹೇಳಲು ಮಾಡಿದ್ದಲ್ಲ. ಹೀಗೆ ಒಬ್ಬೊಬ್ಬರಿಗೆ ಅಂಕ ಹಾಕಿ ನಿರ್ಧಾರ ಮಾಡಬೇಡಿ ಅಂತ 2020ರಲ್ಲಿ ಆಂಡಾ ಅವರೇ ಎಚ್ಚರಿಸಿ ಬರೆದರು. ಆದರೂ ಮೂರು ವರ್ಷದ ಮಗುವಿನ ಅಮ್ಮನ ಮುಂದೆ ಪ್ರಶ್ನೆಪಟ್ಟಿ ಇಟ್ಟು, ಕೂಡಿಸಿ, 'ನಿಮ್ಮ ಮಗುವಿನದು ನಾಲ್ಕು' ಅಂತ ಹೇಳಿ ಕಳಿಸುವುದು ನಿಂತಿಲ್ಲ. ಆ ನಾಲ್ಕನ್ನು ಆ ತಾಯಿ ಏನು ಮಾಡಬೇಕು?

ಎಣಿಸಲೇಬೇಕು ಅಂದರೆ ಒಳ್ಳೆಯದನ್ನೂ ಎಣಿಸಿ. ಕ್ರಿಸ್ಟಿನಾ ಬೆಥೆಲ್ ಅವರ ತಂಡ 2019ರಲ್ಲಿ ಅದನ್ನೇ ಮಾಡಿತು. ಮನೆಯಲ್ಲಿ ಮನಸ್ಸಿನ ಮಾತು ಹೇಳಿಕೊಳ್ಳಲು ಆಗುತ್ತಿತ್ತಾ, ಕಷ್ಟದಲ್ಲಿ ಮನೆಯವರು ಜೊತೆಗೆ ನಿಂತರಾ, ಅಪ್ಪ ಅಮ್ಮ ಬಿಟ್ಟು ಬೇರೆ ಇಬ್ಬರು ದೊಡ್ಡವರಾದರೂ ನಿಮ್ಮ ಬಗ್ಗೆ ಕಾಳಜಿ ತೋರಿಸಿದ್ದರಾ ಅಂತ ಕೇಳಿತು. ಇಂಥದ್ದು ಜಾಸ್ತಿ ಇದ್ದವರಲ್ಲಿ, ಅಷ್ಟೇ ಕಷ್ಟ ಕಂಡಿದ್ದರೂ, ದೊಡ್ಡವರಾದ ಮೇಲೆ ಖಿನ್ನತೆ ಕಮ್ಮಿ ಇತ್ತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮನಶ್ಶಾಸ್ತ್ರಜ್ಞೆ ಅಲಿಸಿಯಾ ಲೀಬರ್‌ಮನ್ ನೊಂದ ತಾಯಂದಿರನ್ನು ಅವರ ಬಾಲ್ಯದ ಹಿಂಸೆಯ ಜೊತೆಗೆ ಬಾಲ್ಯದಲ್ಲಿ ಯಾರು ಪ್ರೀತಿ ಕೊಟ್ಟರು ಅಂತಲೂ ಕೇಳುತ್ತಾರೆ. ಹೊಡೆತದಲ್ಲೇ ಬೆಳೆದ ಒಬ್ಬಳು ತಾಯಿಗೂ ತಲೆ ಬಾಚುತ್ತಾ ಹಾಡು ಹೇಳಿದ ಒಬ್ಬ ಅತ್ತೆಯೋ ಅಜ್ಜಿಯೋ ನೆನಪಿರಬಹುದು. ಆ ನೆನಪಿಂದ ಅವಳು ತನ್ನ ಮಗುವಿಗೆ ಏನಾದರೂ ಕೊಡಬಲ್ಲಳು. ಪ್ರಶ್ನೆಪಟ್ಟಿಯಲ್ಲಿ ಅದಕ್ಕೊಂದು ಸಾಲು ಸೇರಿಸಲು ಏನು ಕಷ್ಟ?

ಮಗುವಿನ ಕಡೆಯಿಂದಲೂ ಒಂದು ಮಾತು. ಚಿಕ್ಕ ಮಗು, ಅದಕ್ಕೇನು ಗೊತ್ತಾಗುತ್ತೆ, ಮರೆತುಬಿಡುತ್ತೆ ಅಂತ ಇವತ್ತಿಗೂ ಜನ ಹೇಳುತ್ತಾರೆ. ನನ್ನ ಹತ್ತಿರ ಬರುತ್ತಿದ್ದ ಒಂದು ಮಗು, ಮನೆಗೆ ಬೆಂಕಿ ಬಿದ್ದು ಎಲ್ಲರೂ ಜೀವ ಉಳಿಸಿಕೊಂಡು ಓಡಿ ಬಂದವರು, ದಿನಾ ಒಂದೇ ಆಟ ಆಡುತ್ತಿತ್ತು. ಗೊಂಬೆಯನ್ನು ಡಬ್ಬಿಗೆ ಹಾಕುವುದು, ಮುಚ್ಚುವುದು, ಕಿವಿ ಇಟ್ಟು ಕೇಳುವುದು, ತೆಗೆದು ಹೊರಗಿಡುವುದು. ನಗು ಇಲ್ಲ, ಮಾತಿಲ್ಲ. ಬೇರೆ ಮಕ್ಕಳು ಡಬ್ಬಿ ಮುಟ್ಟಿದರೆ ಮೈಯೆಲ್ಲಾ ಬಿಗಿ. ಅಮ್ಮನಿಗೆ ತೋರಿಸಿದಾಗ, 'ಮರೆತಿದ್ದಾಳೆ ಅಂದುಕೊಂಡಿದ್ದೆ, ಅದಕ್ಕೇ ನಾವೂ ಮಾತೇ ಎತ್ತಲಿಲ್ಲ' ಅಂದರು. ಮಾತೆತ್ತದಿದ್ದದ್ದು ಮಗುವಿಗಾಗಿ ಮಾತ್ರ ಅಲ್ಲ, ಮಾತೆತ್ತಿದರೆ ತಾವೇ ಕುಸಿದು ಬೀಳುತ್ತೇವೆ ಅನ್ನುವ ಭಯ ಅವರಿಗೆ. ಸಹಜವೇ.

ನಿಮ್ಮ ವಿಜ್ಞಾನಕ್ಕೂ ಇದನ್ನು ಒಪ್ಪಿಕೊಳ್ಳಲು ಹೊತ್ತು ಹಿಡಿಯಿತು. ಆರು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಲ್ಲಿ ಆಘಾತದ ಲಕ್ಷಣಗಳನ್ನು ಗುರುತಿಸಲು ಬೇರೆಯೇ ಮಾನದಂಡ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 2013ರಲ್ಲಿ. 1992ರಲ್ಲಿ ಫ್ಲಾರಿಡಾಕ್ಕೆ ಅಪ್ಪಳಿಸಿದ ಆಂಡ್ರೂ ಚಂಡಮಾರುತ ಕಂಡ ಮೂರು ನಾಲ್ಕು ವರ್ಷದ ಮಕ್ಕಳನ್ನು ರಾಬಿನ್ ಫಿವುಶ್ ಮತ್ತು ಜೊತೆಗಾರರು ಕೆಲವು ತಿಂಗಳ ಮೇಲೆ ಮಾತಾಡಿಸಿದರು, ಆರು ವರ್ಷದ ಮೇಲೆ ಮತ್ತೆ ಮಾತಾಡಿಸಿದರು. ಮಕ್ಕಳು ಮರೆತಿರಲಿಲ್ಲ. ಮೊದಲ ಸಲ ಹೇಳಿದ್ದಕ್ಕಿಂತ ಎರಡರಷ್ಟಕ್ಕೂ ಹೆಚ್ಚು ವಿವರ ಎರಡನೇ ಸಲ ಹೇಳಿದರು. ಮಗುವಿಗೆ ನೆನಪು ಇರುತ್ತದೆ, ಅದನ್ನು ಮಾತಾಗಿ ಜೋಡಿಸಿಕೊಡಲು ಒಬ್ಬ ದೊಡ್ಡವರು ಬೇಕು. ಆ ದೊಡ್ಡವರಿಗೂ ಅದೇ ಬೆಂಕಿ, ಅದೇ ಹೊಡೆತ ತಗುಲಿದ್ದರೆ? ಲೀಬರ್‌ಮನ್ ಅವರ ಚಿಕಿತ್ಸೆಯಲ್ಲಿ ತಾಯಿ ಮಗು ಇಬ್ಬರೂ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಮನೆಯಲ್ಲಿ ಹಿಂಸೆ ಕಂಡ 3ರಿಂದ 5 ವರ್ಷದ ಮಕ್ಕಳು ಮತ್ತು ಅವರ ತಾಯಂದಿರ 75 ಜೋಡಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2005ರಲ್ಲಿ ಬಂತು. ಮಕ್ಕಳ ತೊಂದರೆಯೂ ಇಳಿಯಿತು, ತಾಯಂದಿರದೂ ಇಳಿಯಿತು. ನಮ್ಮ ವ್ಯವಸ್ಥೆಗಳಲ್ಲಿ ಮಗುವಿನ ಡಾಕ್ಟರ್ ಒಂದು ಕಡೆ, ಅಮ್ಮನ ಡಾಕ್ಟರ್ ಇನ್ನೊಂದು ಕಡೆ, ಫೈಲುಗಳೂ ಬೇರೆ ಬೇರೆ. ಈ ಗೋಡೆ ಒಡೆಯುವುದು ಅಧಿಕಾರಿಗಳ ಕೈಯಲ್ಲಿದೆ.

ಅಪ್ಪಂದಿರ ಮಾತು ನಾನೂ ಕಮ್ಮಿ ಆಡಿದ್ದೇನೆ, ಯಾಕೆಂದರೆ ನಿಮ್ಮ ಸಂಶೋಧನೆಗಳಲ್ಲೇ ಅವರು ಕಮ್ಮಿ. 'ಪೋಷಕರು' ಅಂತ ತಲೆಬರಹ ಇರುತ್ತದೆ, ಒಳಗೆ ನೋಡಿದರೆ ಎಲ್ಲಾ ತಾಯಂದಿರೇ. ಅಪ್ಪ ಕೆಲಸದಲ್ಲಿದ್ದಾನೆ ಅಂತ ಹಗಲು ಹೊತ್ತು ಹೋಗಿ ಅಮ್ಮನನ್ನು ಕೇಳಿ ಬಂದರೆ ಸುಲಭ, ಗೊತ್ತು. ಆದರೆ ಸಂಜೆ ಮಗುವನ್ನು ಕರೆದುಕೊಂಡು ಹೋಗಲು ಬರುವ ಅಪ್ಪಂದಿರು ನನಗೆ ಕಾಣುತ್ತಾರೆ, ಅಜ್ಜಂದಿರು ಕಾಣುತ್ತಾರೆ. ಕೇಳಿದರೆ ಹೇಳುತ್ತಾರೆ. ಹಾಗೇ, ಜಗತ್ತಿನ ಮಕ್ಕಳಲ್ಲಿ ಬಹುಪಾಲು ಇರುವ ದೇಶಗಳಿಂದ ಇಂಥ ಸಂಶೋಧನೆ ಬರುವುದು ಬಹಳ ಕಮ್ಮಿ. ನಾನು ಮೇಲೆ ಹೇಳಿದವುಗಳಲ್ಲೇ ಎಷ್ಟು ಅಮೆರಿಕದ್ದು ನೋಡಿ. ರಾವಲ್ಪಿಂಡಿ, ಕಿಂಗ್‌ಸ್ಟನ್‌ಗಳಿಂದ ಬಂದ ಪಾಠ ಚಿಕ್ಕದಾ?

ಕೊನೆಯದಾಗಿ, ನನಗೆ ಬಹಳ ಬೇಜಾರು ತಂದ ವಿಷಯ. ನನ್ನ ಹತ್ತಿರ ಮಗು ಬಿಡುವ ಒಬ್ಬರು ತಾಯಿ ಒಂದು ಅಧ್ಯಯನಕ್ಕೆ ಒಪ್ಪಿಕೊಂಡಿದ್ದರು. ಯಾರದು ಅಂತ ಹೇಳುವುದಿಲ್ಲ. ಪ್ರಶ್ನೆಪಟ್ಟಿ ಉದ್ದ ಇತ್ತು. ಕಳೆದ ಎರಡು ವಾರದಲ್ಲಿ ಎಷ್ಟು ದಿನ ಮನಸ್ಸು ಕುಗ್ಗಿತ್ತು, ಎಷ್ಟು ದಿನ ಯಾವುದರಲ್ಲೂ ಆಸಕ್ತಿ ಇರಲಿಲ್ಲ, ಬದುಕೇ ಬೇಡ ಅನ್ನಿಸಿತ್ತಾ. ಮಗು ಮಡಿಲಲ್ಲಿ ಕೂತು ಪೆನ್ನು ಎಳೆಯುತ್ತಿತ್ತು, ಅವರು ಒಂದು ಕೈಯಲ್ಲಿ ಅದನ್ನು ತಡೆಯುತ್ತಾ ಇನ್ನೊಂದು ಕೈಯಲ್ಲಿ 'ಹೆಚ್ಚು ಕಮ್ಮಿ ದಿನಾ' ಅನ್ನುವ ಚೌಕಕ್ಕೆ ಗುರುತು ಹಾಕಿದರು. ಮತ್ತೆ ಮತ್ತೆ ಅದಕ್ಕೇ ಹಾಕಿದರು. ಹಾಳೆ ತೆಗೆದುಕೊಂಡು ಹೋದರು. ಆಮೇಲೆ ಯಾರೂ ಬರಲಿಲ್ಲ, ಫೋನ್ ಬರಲಿಲ್ಲ, ಫಲಿತಾಂಶ ಏನಾಯಿತು ಅಂತಲೂ ಗೊತ್ತಾಗಲಿಲ್ಲ. 'ನಾನು ಬರೆದದ್ದನ್ನು ಯಾರಾದರೂ ಓದಿದ್ದಾರಾ?' ಅಂತ ಅವರು ನನ್ನನ್ನು ಕೇಳಿದರು. ಓದಿದ್ದಾರೆ ಅಂತ ಹೇಳಲು ನನ್ನ ಬಾಯಿ ಬರಲಿಲ್ಲ.

ಹಾಗಾಗಿ ನನ್ನ ಬೇಡಿಕೆ. ಮಗುವಿನ ಅಧ್ಯಯನದಲ್ಲಿ ಅಪ್ಪ ಅಮ್ಮನ ಮನಸ್ಸಿನ ಬಗ್ಗೆ ಕೇಳುವುದಾದರೆ, ಉತ್ತರ ಕೆಟ್ಟದಾಗಿ ಬಂದಾಗ ಎಷ್ಟು ದಿನದ ಒಳಗೆ ಯಾರು ಅವರನ್ನು ಮಾತಾಡಿಸುತ್ತಾರೆ ಅಂತ ಒಪ್ಪಿಗೆ ಪತ್ರದಲ್ಲೇ ಬರೆಯಿರಿ, ಬರೆದ ಹಾಗೆ ನಡೆಯಿರಿ. ಅದಕ್ಕೆ ಹಣ ಬೇಕಾಗುತ್ತದೆ, ಹಣ ಕೊಡುವವರು ಅದನ್ನು ಬಜೆಟ್ಟಿನಲ್ಲಿ ಕಡ್ಡಾಯ ಮಾಡಿ. ಸಲಹೆ ಕೊಡುವ ಕಾರ್ಯಕ್ರಮವೊಂದನ್ನು ಪರೀಕ್ಷೆ ಮಾಡುವಾಗ ಪಕ್ಕದಲ್ಲಿ ಭಾರ ಇಳಿಸುವ ಇನ್ನೊಂದನ್ನೂ ಇಟ್ಟು ನೋಡಿ: ಮನೆ ಭೇಟಿ, ಬಾಡಿಗೆಗೆ ನೆರವು, ಅಮ್ಮನಿಗೆ ಚಿಕಿತ್ಸೆ, ಅಪ್ಪನಿಗೆ ರಜೆ. ಯಾವುದು ಮಗುವಿಗೆ ಹೆಚ್ಚು ತಲುಪುತ್ತದೆ ಅಂತ ನಮಗೂ ಗೊತ್ತಾಗಲಿ. ಅಧ್ಯಯನ ಮುಗಿದ ಮೇಲೆ ಒಂದು ಪುಟ, ಸರಳ ಭಾಷೆಯಲ್ಲಿ, ಭಾಗವಹಿಸಿದ ಪ್ರತಿ ಮನೆಗೂ ಕಳಿಸಿ.

ಈ ಪತ್ರಕ್ಕೆ ಉತ್ತರ ಕೊಡಬೇಕು ಅನ್ನಿಸಿದರೆ ನನಗೆ ಬರೆಯಬೇಡಿ. ಪ್ರಶ್ನೆಪಟ್ಟಿ ತುಂಬಿಕೊಟ್ಟು ಕಾಯುತ್ತಿರುವ ಮನೆಗಳಿಗೆ ಮೊದಲು ಬರೆಯಿರಿ.

ಇಂತಿ,
ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಒಬ್ಬಳು